ಆಯಿಲ್ ಡಬ್ಬಿಯ ಬಾಯಿ

ಇವತ್ತು ಬೆಳಿಗ್ಗೆಯೂ ಚಹಾಕ್ಕೆ ಮೊದಲು ಕಾಕಾನ ಗಾಡಿಯ ಬಾನೆಟ್ ಎತ್ತಿ ನೋಡಿ ಬಂದೆ. ಆಯಿಲ್ ಡಬ್ಬಿಯ ಮೇಲಿನ ಬಾಯಿ ತೆರೆದೇ ಇತ್ತು. ಒಳಗೆ ಬಂದು ಚಹಾದ ಕಪ್ಪು ಹಿಡಿದೆ. ನೋಡಿದ್ದು ಇವತ್ತೋ ನಿನ್ನೆಯೋ ಎಂದು ಅನುಮಾನವಾಗಿ ಮತ್ತೆ ಎದ್ದೆ.

"ಒಂದ್ ಕಡೆ ಕೂಡವಾ," ಎಂದರು ಕಾಕಿ. "ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ."

ಷರತ್ತು ಹಾಕಿದವರು ಅವರೇ. ಗಾಡಿಗೆ ಬೆಂಕಿ ಹತ್ತಿದ ದಿನ ಕಾಕಾನ ಪಕ್ಕದಲ್ಲಿ ಕೂತಿದ್ದವಳು ನಾನು. ನಾನು ಮತ್ತೆ ಅದರಲ್ಲಿ ಕೂತರೆ ಗಾಡಿ ಮನೆಯಲ್ಲಿರಬಹುದು, ಇಲ್ಲದಿದ್ದರೆ ಮಾರಬೇಕು. ಕಾಕಾ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ರಿಪೇರಿ ಮುಗಿದು ಗಾಡಿ ಮನೆಗೆ ಬಂದಿದೆ, ನಾನು ಕೂರುವುದು ಇವತ್ತು ಎಂದು ಕಾಕಾ ಗೊತ್ತುಮಾಡಿದ್ದಾರೆ.

ಕಾಕಾ ನನ್ನ ಅಪ್ಪನ ತಮ್ಮ, ಜೀವಮಾನವೆಲ್ಲ ಲೇಥ್ ಮೇಲೆ ಕೆಲಸ ಮಾಡಿದವರು. ಧಾರವಾಡದಲ್ಲಿ ಎಂಎಸ್ಸಿ ಓದುವಾಗಿನಿಂದ ನಾನು ಬೈರಿದೇವರಕೊಪ್ಪದ ಅವರ ಮನೆಯಲ್ಲಿಯೇ ಇದ್ದೇನೆ. ಗಾಡಿಯೋ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ನನಗಿಂತ ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರು. ಇಂಜಿನ್ನಿನ ಹೊಟ್ಟೆಯಲ್ಲಿ ಏಳುವ ಹಬೆ ಒಂದು ಪೈಪಿನಿಂದ ಹೊರಬರುವಾಗ ಆಯಿಲನ್ನೂ ತಂದು ಕೆಳಗೆ ಹನಿಸುತ್ತಿತ್ತು, ಸರಿಯಾಗಿ ಕಾಕಿ ರಂಗೋಲಿ ಹಾಕುವ ಜಾಗದಲ್ಲಿ.

"ಲಕ್ಷ್ಮೀ ಪಾದಾ ಬರದ್ರ ಅದರ ಮ್ಯಾಲೂ ಎಣ್ಣಿ," ಎಂದು ಕಾಕಿ ಜಗಳ ತೆಗೆಯುತ್ತಿದ್ದರು. "ಬಂದಾಕಿ ಜಾರಿ ಬೀಳ್ತಾಳ, ಅಷ್ಟ."

ಅದಕ್ಕೇ ರಾಯಾಪುರದ ಗ್ಯಾರೇಜಿನ ಚಾಚಾ ಅಲ್ಯೂಮಿನಿಯಂ ತಗಡು ಬಗ್ಗಿಸಿ, ಬೆಸೆದು, ಆ ಡಬ್ಬಿ ಮಾಡಿಕೊಟ್ಟರು. ಇಂಜಿನ್ನಿನ ಪೈಪು ಅದರೊಳಗೆ ಬರುತ್ತದೆ. ಆಯಿಲ್ ತಳದಲ್ಲಿ ನಿಲ್ಲುತ್ತದೆ, ಹಬೆ ಮೇಲಿನ ಬಾಯಿಯಿಂದ ಹೊರಗೆ ಹೋಗುತ್ತದೆ.

"ಚಾಚಾ, ಇದರಾಗ ಉಪ್ಪಿನಕಾಯಿ ಹಾಕಬಹುದಲ್ರಿ," ಎಂದೆ.

"ಹಾಕ್ರಿ ಅಕ್ಕಾರ, ಮಾವಿನಕಾಯಿ ನೀವ ತರ್ರಿ." ನಕ್ಕು, ಬಾಯಿಯ ಮೇಲೆ ಬೆರಳಿನಿಂದ ತಟ್ಟಿದರು. "ಆದ್ರ ಇದನ್ನ ಮಾತ್ರ ಮುಚ್ಚಬ್ಯಾಡ್ರಿ. ಇಂಜಿನ್ ಉಸರಾಡೂದ ಇಲ್ಲಿಂದ."

"ನನಗ ಹೇಳ್ತೀಯೇನೋ?" ಎಂದು ಕಾಕಾ ರೇಗಿದರು.

"ನಿಮಗಲ್ರೀ ಸಾಹೇಬ್ರ, ಅಕ್ಕಾರಿಗೆ."

ದಸರೆಯ ಖಂಡೇಪೂಜೆಯ ದಿನ ಓಣಿಯ ತುಂಬ ಗಾಡಿ ತೊಳೆಯುವ ಗದ್ದಲ. ಕಾಕಾ ಇಂಜಿನ್ನಿಗೂ ಪೈಪ್ ಹಿಡಿದು ನೀರು ಬಿಟ್ಟರು. ಡಬ್ಬಿಯೊಳಗೆ ನೀರು ಹೋಗಬಾರದೆಂದು ಅದರ ಬಾಯಿಗೆ ಖಾಲಿ ಹಾಲಿನ ಪಾಕೀಟು ಹೊದಿಸಿ, ರಬ್ಬರ್ ಬ್ಯಾಂಡ್ ಸುತ್ತಿದ್ದರು. ತೊಳೆದು ಮುಗಿದ ಮೇಲೆ ತೆಗೆಯಬೇಕು. ಅಷ್ಟರಲ್ಲಿ ಕಾಕಿ ಪೂಜೆಯ ತಾಟು ಹಿಡಿದು ಬಂದರು.

"ಇದಕ್ಕೂ ಹೂವ ಏರಸ್ತೇನಿ. ನನ್ನ ರಂಗೋಲಿ ಉಳಿದದ್ದ ಇದರಿಂದ," ಎಂದು ಡಬ್ಬಿಯ ಮೇಲೆ ಚೆಂಡುಹೂವಿನ ದಂಡೆ ಸುತ್ತಿದರು. ಪಾಕೀಟು ಅದರ ಅಡಿಯಲ್ಲಿ ಮರೆಯಾಯಿತು. ಕಾಕಾ ಕೈ ಮುಗಿದು ಬಾನೆಟ್ ಹಾಕಿದರು. ಗಾಲಿಗಳು ನಿಂಬೆಹಣ್ಣಿನ ಮೇಲೆ ಹಾಯ್ದವು. ನಾವಿಬ್ಬರೂ ಒಂದು ಸುತ್ತು ಹೊರಟೆವು.

ಮುಂದಿನದು ನನಗೆ ಪ್ರತಿ ಸಲ ಬೇರೆ ಬೇರೆ ಕಡೆಯಿಂದ ಶುರುವಾಗುತ್ತದೆ. ಹೆಚ್ಚಾಗಿ ವಾಸನೆಯಿಂದ. ರಾಯಾಪುರ ದಾಟಿದ್ದೆವು.

"ಕಾಕಾ, ಏನೋ ಸುಡಾಕತ್ತೈತಿ."

"ಹಳೇ ಗಾಡಿ ಅಂದಮ್ಯಾಲೆ ವಾಸನಿ ಇರೂದ."

ಸತ್ತೂರು ಹತ್ತಿರ ಬರುವಾಗ ಬಾನೆಟ್ಟಿನ ಅಂಚಿನಿಂದ ನೀಲಿ ಹೊಗೆ ಎದ್ದಿತು. ಉಸಿರು ಕಟ್ಟಿದ ಇಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನೇ ಹೊರಗೆ ತಳ್ಳಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಉಗುಳಿತ್ತು. ಇದು ಆಮೇಲೆ ಚಾಚಾ ಹೇಳಿದ್ದು. ಆಗ ಗೊತ್ತಿದ್ದದ್ದು, ಕಾಕಾ ಗಾಡಿ ನಿಲ್ಲಿಸಿ ಇಳಿದರು, ಬಾನೆಟ್ಟಿನ ಅಡಿಗೆ ಬಲಗೈ ಹಾಕಿದರು ಎಂಬುದಷ್ಟೇ.

"ತೆರೀಬ್ಯಾಡ್ರಿ!" ಎಂದು ಕೂಗಿದೆ. ಒಳಗೆ ಬೆಂಕಿಯಿದ್ದರೆ ಗಾಳಿ ತಾಗಿ ಭುಗ್ಗೆನ್ನುತ್ತದೆ ಎಂದು ಗೊತ್ತಿತ್ತು. ಆ ಗಾಡಿಯ ಬಾಗಿಲಿಗೆ ಹಿಡಿಕೆಯಿಲ್ಲ, ಒಳಗಿನ ದಾರ ಎಳೆಯಬೇಕು. ಎಷ್ಟೋ ಸಲ ಎಳೆದ ದಾರ ಆಗ ಕೈಗೆ ಸಿಗಲಿಲ್ಲ. ಮುಂದಕ್ಕೆ ವಾಲುವ ಆ ಬಾನೆಟ್ ಮೇಲೇರಿತು. ಬೆಂಕಿ ಕಾಕಾನ ಮುಖದೆತ್ತರಕ್ಕೆ ಎದ್ದಿತು. ಅದರೊಳಗೆ ಚೆಂಡುಹೂವು ಒಂದೊಂದಾಗಿ ಕರಕಲಾಗುವುದನ್ನು ನಾನು ಗಾಜಿನ ಈಚೆಯಿಂದ ನೋಡಿದೆ. ಅದನ್ನೇ ಈಗಲೂ ನೋಡುತ್ತಿರುತ್ತೇನೆ, ಕಾಲೇಜಿನಲ್ಲಿ ಪಾಠ ಮಾಡುವಾಗ, ಮನೆಯಲ್ಲಿ ಅನ್ನಕ್ಕಿಡುವಾಗ.

ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರು ಬುಟ್ಟಿಯಲ್ಲಿ ಉಸುಕು ತಂದು ಸುರಿದರು. ಕಾಕಾ ಸುಟ್ಟ ಅಂಗೈ ಎತ್ತಿ ಹಿಡಿದುಕೊಂಡು, "ಹೂವಿನ ಕೆಳಗ... ಪಾಕೀಟು ಹೂವಿನ ಕೆಳಗ ಉಳೀತು," ಎನ್ನುತ್ತಿದ್ದರು.

ಮನೆಗೆ ಬಂದ ಮೇಲೆ ಕಾಕಿಗೆ ಹೇಳುವಾಗ ಕಾಕಾನ ಬಾಯಲ್ಲಿ ಹೂವಿನ ಮಾತು ಬರಲಿಲ್ಲ. "ನಾ ಪಾಕೀಟು ತೆಗಿಯೂದು ಮರತೆ," ಎಂದಷ್ಟೇ ಹೇಳಿ ನನ್ನ ಕಡೆ ನೋಡಿದರು. ನಾನೂ ಹೇಳಲಿಲ್ಲ.

ಈಗ ಆ ಅಂಗೈ ಮಾಯ್ದಿದೆ, ಚರ್ಮ ಮಾತ್ರ ಎಳೆಗೂಸಿನದರಂತೆ ಕೆಂಪಗೆ ಮಿನುಗುತ್ತದೆ. ಇವತ್ತು ಚಹಾ ಮುಗಿಸಿ ಹೊರಗೆ ಬರುವಷ್ಟರಲ್ಲಿ ಕಾಕಾ ಗಾಡಿ ಚಾಲೂ ಮಾಡಿ ಕೂತಿದ್ದರು. ನಾನು ಡಬ್ಬಿಯ ಬಾಯಿಯ ಮೇಲೆ, ತುಸು ಎತ್ತರದಲ್ಲಿ ಕೈ ಹಿಡಿದೆ. ಬೆಚ್ಚಗಿನ ಗಾಳಿ ತಾಗಿತು. ಬಾನೆಟ್ ಹಾಕಿದೆ. ಮತ್ತೆ ಎತ್ತಿದೆ.

"ಡಾಕ್ಟರೇ, ಪೇಶಂಟ್‌ಗೆ ಜೀವ ಐತೇನ್ರಿ?" ಎಂದರು ಕಾಕಾ.

"ಐತಿ."

"ಹಂಗಾರ ಹತ್ತು."

ಕಾಕಿ ಹೊಸ್ತಿಲಲ್ಲಿ ನಿಂತಿದ್ದರು. ನಾನು ಹತ್ತಿ ಕೂತೆ. ಮೊದಲು ಬಾಗಿಲಿನ ದಾರ ಎಲ್ಲಿದೆ ಎಂದು ನೋಡಿ ಬಿಗಿಯಾಗಿ ಹಿಡಿದುಕೊಂಡೆ.

"ಕೂತೆಲ್ಲಾ, ಸಾಕ್ ಇಳಿ," ಎಂದರು ಕಾಕಿ ಅವಸರದಿಂದ. "ಇರ್ಲಿ ಗಾಡಿ. ಮಾರೂದ್ ಬ್ಯಾಡ."

ಕಾಕಾ ನನ್ನ ಮುಖ ನೋಡಿದರು.

"ರಾಯಾಪುರದ ತನಕ," ಎಂದೆ. "ಆದ್ರ ನಾ ನಿಲ್ಸು ಅಂದಲ್ಲಿ ನಿಲ್ಸಬೇಕು."

ಓಣಿ ದಾಟಿ ದೊಡ್ಡ ರಸ್ತೆ ಹಿಡಿದೊಡನೆಯೇ ನಿಲ್ಲಿಸಲು ಹೇಳಿದೆ. ವಾಸನೆ ಏನೂ ಬಂದಿರಲಿಲ್ಲ. ಇಳಿದು ಬಾನೆಟ್ ಎತ್ತಿ ಕೈ ಹಿಡಿದೆ. ಹಿಂದೆ ಆಟೋದವನೊಬ್ಬ ಬಿಡದೆ ಹಾರ್ನ್ ಹೊಡೆಯುತ್ತಿದ್ದ. ಕಾಕಾ ಕೆಂಪು ಅಂಗೈ ಹೊರಗೆ ಚಾಚಿ ಅವನಿಗೆ ದಾರಿ ತೋರಿಸಿದರು.

"ಮುಂದ ಹೋಗಪಾ. ನಮಗೇನೂ ಅವಸರ ಇಲ್ಲ."