ಚಿಗವ್ವನ ಬನ್ನಿಯ ಜಾತಿ

ನಿನ್ನೆ ದಸರೆಯ ಸಂಜೆ, ಹಾವೇರಿಯ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಹೆಂಡತಿ ಚಿಗವ್ವ ಬನ್ನಿಯ ಟೊಂಗೆಯೊಂದನ್ನು ನನ್ನ ಕೈಗಿಟ್ಟಾಗ ಅಂಗೈಗೆ ಮುಳ್ಳು ಚುಚ್ಚಿತು. ಯಾರೇ ಬನ್ನಿ ಕೊಟ್ಟರೂ ಎಲೆಗಿಂತ ಮೊದಲು ಮುಳ್ಳನ್ನು ಪರೀಕ್ಷಿಸುವ ಚಟ ನನ್ನದು. ಸಭ್ಯರ ಲಕ್ಷಣವಲ್ಲ, ಒಪ್ಪುತ್ತೇನೆ. ಆದರೆ ಓದುಗರೇ, ಅದಕ್ಕೊಂದು ಹಿನ್ನೆಲೆಯಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಗುತ್ತಲದ ಬಳಿಯ ನಮ್ಮ ಹೊಲದ ಮರಗಳನ್ನೆಲ್ಲ ಗುರುತಿಸಿ ಹೆಸರಿನ ತಗಡು ಕಟ್ಟಲು ಹೊರಟಿದ್ದೆ. ಹೆಸರು ತಿಳಿಯದ ಮರವನ್ನು ಕಡಿಯುವುದು ಸುಲಭ ಎಂಬುದು ನನ್ನ ಭಾಷಣಗಳ ಮೊದಲ ವಾಕ್ಯವಾಗಿತ್ತು. ಬಳ್ಳಾರಿ ಜಾಲಿಯನ್ನು ಮಾತ್ರ ಬೇರುಸಹಿತ ಕೀಳಬೇಕೆಂಬುದು ಎರಡನೆಯದು. ಉರುವಲಿಗೆಂದು ಹೊರದೇಶದಿಂದ ತಂದ ಆ ಮರ ಹಳ್ಳ, ಗೋಮಾಳಗಳನ್ನೆಲ್ಲ ಆಕ್ರಮಿಸಿತ್ತು. ಬೇವು, ಹುಣಸೆ, ಮುತ್ತುಗಗಳಿಗೆ ಸಲೀಸಾಗಿ ತಗಡು ಕಟ್ಟಿ, ಬದುವಿನ ಮೇಲೆ ಚಿಗವ್ವ ಬನ್ನಿಯೆಂದು ಪೂಜಿಸುತ್ತಿದ್ದ ಮರದ ಬಳಿ ನಿಂತೆ. ಬನ್ನಿಯ ಮುಳ್ಳು ಗಿಡ್ಡ, ಟೊಂಗೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು. ಇದರದೋ ಉದ್ದ, ಎಲೆಯ ಬುಡದಲ್ಲಿ ಜೋಡಿಜೋಡಿ. ಸಂಶಯವೇ ಇಲ್ಲ, ಬಳ್ಳಾರಿ ಜಾಲಿ. ಜಾಲಿಗಳನ್ನೆಲ್ಲ ಕಡಿಯಲು ಮರುದಿನಕ್ಕೆ ಆಳು ಹೇಳಿಯಾಗಿತ್ತು.

"ಚಿಗವ್ವ, ಇದರ ಜಾತಿ ಬ್ಯಾರೆ ಐತಿ. ಬನ್ನಿ ಅಲ್ಲ, ಬಳ್ಳಾರಿ ಜಾಲಿ."

ಅವಳು ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ. "ಮಂದಿ ಜಾತಿ ಕೇಳಬ್ಯಾಡ್ರಿ ಅಂತ ಊರೆಲ್ಲಾ ಭಾಷಣ ಮಾಡ್ತಿ. ಈಗ ಗಿಡದ ಜಾತಿ ಹುಡುಕ್ಕೋತ ಹೊಂಟೀಯಲ್ಲ!"

"ಖರೇನ ಹೇಳಾಕತ್ತೇನಿ."

"ನನಗೂ ಗೊತ್ತೈತಿ ತಗೋ. ಅದರ ಮುಳ್ಳು ತುಳಿಯಾಕಿ ನಾನಲ್ಲೇನು? ನಿಮ್ಮ ಕಾಕಾ ತೀರಿದ ವರ್ಷ ಗುಡಿ ಮುಂದಿನ ಬನ್ನಿಗೆ ಹೋಗಿದ್ದೆ. ನೀ ಮುಟ್ಟಬ್ಯಾಡವಾ ಅಂದ್ರು. ಈ ಗಿಡ ಏನೂ ಅನಲಿಲ್ಲ."

ಗಂಡನಿಲ್ಲದ ನಾಲ್ಕಾರು ಹೆಂಗಸರು ಪ್ರತಿ ದಸರೆಗೆ ಆ ಬದುವಿಗೆ ಬಂದು, ಒಬ್ಬರಿಗೊಬ್ಬರು ಎಲೆ ಕೊಟ್ಟುಕೊಳ್ಳುತ್ತಿದ್ದರೆಂದು ಆಗ ತಿಳಿಯಿತು. ಅವರನ್ನು ಗುಡಿಯ ಮುಂದಿನಿಂದ ದೂರವಿಟ್ಟದ್ದು ಅನ್ಯಾಯ. ಸಂಪ್ರದಾಯವೆಂಬ ಮೆತ್ತನೆಯ ಹೆಸರು ಅದಕ್ಕೆ ಸಲ್ಲದು. ಬಳ್ಳಾರಿ ಜಾಲಿ ಹೊಲಕ್ಕೆ ಕೇಡೆಂಬುದೂ ಅಷ್ಟೇ ನಿಜ. ಎರಡೂ ನಿಜವಾದಾಗ ಏನು ಮಾಡಬೇಕೆಂಬ ಮೂರನೆಯ ವಾಕ್ಯ ನನ್ನ ಭಾಷಣದಲ್ಲಿರಲಿಲ್ಲ.

"ನಾಳಿ ಇದನ್ನೂ ಕಡಸ್ತೀಯೇನು?" ಈಗ ಅವಳ ಕೈ ನಿಂತಿತ್ತು.

ಉಳಿದ ಜಾಲಿಗಳೆಲ್ಲ ಹೋದವು, ಅದೊಂದು ಉಳಿಯಿತು. ಅದರ ತಗಡಿನ ಮೇಲೆ 'ಹೆಸರು: ಬನ್ನಿ, ಜಾತಿ: ಬಳ್ಳಾರಿ ಜಾಲಿ' ಎಂದು ಬರೆದೆ. ಪ್ರತಿ ಮಳೆಗಾಲ ಅದರ ಬುಡದಲ್ಲೇಳುವ ಸಸಿಗಳನ್ನು ನಾನೇ ಕೀಳುತ್ತೇನೆ.

ನಿನ್ನೆಯ ಟೊಂಗೆಯಲ್ಲೂ ಮುಳ್ಳುಗಳು ಜೋಡಿಯಾಗಿಯೇ ಇದ್ದವು. ನಾನು ಅದರಿಂದಲೇ ಎಲೆ ಕಿತ್ತು ಚಿಗವ್ವನಿಗೆ ತಿರುಗಿ ಕೊಟ್ಟೆ. ಹಬ್ಬಕ್ಕೆಂದು ಬಂದು ಕುಳಿತಿದ್ದ ನೆರೆಮನೆಯಾಕೆ, "ನನಗೂ ಕೊಡ್ರಿ ಅವ್ವಾರ" ಎಂದು ಚಿಗವ್ವನತ್ತ ಕೈಚಾಚಿದಳು. ಆಕೆ ಮುಳ್ಳನ್ನೂ ನೋಡಲಿಲ್ಲ, ಚಿಗವ್ವನ ಬರಿಹಣೆಯನ್ನೂ ನೋಡಲಿಲ್ಲ.