ಓಗೊಟ್ಟ ಸರೋಜಕ್ಕ

ಧಡ್, ಧಡ್, ಧಡ್. ನಡುವೆ ಉಸಿರು ಬಿಟ್ಟ ಹಾಗೆ ಗಾಳಿಯ ಸುಯ್ಲು. ಮತ್ತೆ ಧಡ್. ಪೀಣ್ಯದ ನಮ್ಮ ಫ್ಯಾಕ್ಟರಿಯ ಪ್ರೆಸ್ ಶಾಪಿನ ಈ ಸದ್ದು ಮೊದಲು ಕಾಲಿಗೆ ಕೇಳಿಸುತ್ತಿತ್ತು, ಆಮೇಲೆ ಕಿವಿಗೆ. ಆಫೀಸಿನಲ್ಲಿ ನನ್ನ ಟೈಪ್‌ರೈಟರಿನ ಪಕ್ಕ ಇಟ್ಟ ಲೋಟದ ನೀರು ದಿನವಿಡೀ ನಡುಗುತ್ತಲೇ ಇರುತ್ತಿತ್ತು. ಆ ಸದ್ದಿನ ಮಗ್ಗುಲಲ್ಲೇ ಮರದ ಸ್ಟೂಲಿನ ಮೇಲೆ ಕೂತು, ಪ್ರೆಸ್ಸಿನಿಂದ ಬಿದ್ದ ತಗಡಿನ ಬಿಲ್ಲೆಗಳನ್ನು ಒಂದೊಂದಾಗಿ ಗೇಜಿನಲ್ಲಿ ಅಳೆಯುತ್ತಿದ್ದವರು ಇನ್‌ಸ್ಪೆಕ್ಷನ್ ಸೆಕ್ಷನ್ನಿನ ಸರೋಜಕ್ಕ. ಅವರಿಗೆ ಪಿಸುಮಾತು ಬರುತ್ತಿರಲಿಲ್ಲ.

ಆಡುವುದಕ್ಕೂ ಬರುತ್ತಿರಲಿಲ್ಲ, ಕೇಳುವುದಕ್ಕೂ ಬರುತ್ತಿರಲಿಲ್ಲ. ಪ್ರೆಸ್ಸು ಅವರ ಕಿವಿಯನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತ್ತು. ನಮ್ಮ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಹಿಂದಿನಿಂದ ಕರೆಯಬೇಕಾದರೆ ಭುಜ ಮುಟ್ಟಬೇಕಿತ್ತು. "ವಿಮಲಾ, ನಿನ್ನ ಲಂಗ ಕಾಣ್ತಿದೆ ಕಣೇ, ಸರಿ ಮಾಡ್ಕೋ" ಎಂಬ ನನ್ನ ಗುಟ್ಟನ್ನು ಕ್ಯಾಂಟೀನಿನ ಆ ತುದಿಯ ಫೋರ್‌ಮನ್ನಿಗೂ ಕೇಳುವ ಹಾಗೆ ಹೇಳಿಬಿಡುತ್ತಿದ್ದರು. ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಕಲಿತವಳು. 'ಎ ಲೇಡಿ ನೆವರ್ ರೈಸಸ್ ಹರ್ ವಾಯ್ಸ್' ಎಂದು ನಮ್ಮ ಸಿಸ್ಟರ್ ದಿನಕ್ಕೊಮ್ಮೆ ಹೇಳಿಕೊಡುತ್ತಿದ್ದರು. ಆ ಲೆಕ್ಕದಲ್ಲಿ ನೋಡಿದರೆ ಸರೋಜಕ್ಕನಿಗಿಂತ ದೊಡ್ಡ ಅಪರಾಧಿ ಇರಲಿಲ್ಲ. ಆದರೂ ವರ್ಕ್ಸ್ ಮ್ಯಾನೇಜರರ ಸ್ಟೆನೋ ಆಗಿ ಸೇರಿದ ಮೊದಲ ವಾರವೇ, ಅದೇಕೋ, ನಾನು ಅವರ ಊಟದ ಮೇಜಿಗೆ ಹೋಗಿ ಕೂತುಬಿಟ್ಟೆ.

ಸಣ್ಣ ಆಳು. ಕಾಟನ್ ಸೀರೆ, ಅದರ ಮೇಲೆ ಖಾಕಿ ಕೋಟು, ಮುಡಿಯಲ್ಲಿ ಒಂದೇ ಒಂದು ಕನಕಾಂಬರದ ಎಸಳು. ಗಂಡ ಇದೇ ಫ್ಯಾಕ್ಟರಿಯಲ್ಲಿ ಪ್ರೆಸ್ ಆಪರೇಟರ್ ಆಗಿದ್ದವರು. ಮದುವೆಯಾದ ವರ್ಷವೇ ಜಾಂಡೀಸ್ ಆಗಿ ತೀರಿಕೊಂಡರು. ಅವರ ಕೆಲಸದ ಬದಲಿಗೆ ಹೆಂಡತಿಗೆ ಕೆಲಸ ಸಿಕ್ಕಿತು, ಅವರು ನಡೆಸುತ್ತಿದ್ದ ಪ್ರೆಸ್ಸಿನ ಪಕ್ಕದಲ್ಲೇ. ಕಿವಿ ತಿಂದದ್ದು ಅದೇ ಪ್ರೆಸ್ಸು. ಸರೋಜಕ್ಕ ಈ ಮಾತನ್ನು ಯಾರ ಮೇಲೂ ದೂರಿಲ್ಲದೆ ಹೇಳುತ್ತಿದ್ದರು, ಇಂದು ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅನ್ನುವ ಹಾಗೆ.

ಪ್ರತಿ ವರ್ಷ ದಸರಾ ರಜೆ ಹತ್ತಿರವಾದಾಗ ಅವರಿಗೆ ಬಿಜಾಪುರದ ಗುಂಗು ಹಿಡಿಯುತ್ತಿತ್ತು. ಎರಡು ದಿನದ ಟ್ರಿಪ್. ಊಟದ ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲೆ ಬೋರಲು ಹಾಕಿ, "ಇದು ಗೋಳಗುಮ್ಮಟ" ಅನ್ನುವರು. ಉಪ್ಪಿನಕಾಯಿ ಡಬ್ಬಿ ಇಬ್ರಾಹಿಂ ರೋಜಾ. ಅಡ್ಡ ಮಲಗಿಸಿದ ಚಮಚ ಕೋಟೆಯ ದೊಡ್ಡ ತೋಪು, ಫಿರಂಗಿ. ಇವುಗಳ ನಡುವೆ ಕಡ್ಲೆಬೀಜಗಳಾಗಿ ನಾವು ಓಡಾಡಬೇಕು. ಎಲ್ಲಿ ಇಳಿಯುವುದು, ಎಲ್ಲಿ ಗಿರಮಿಟ್ಟು ಮಿರ್ಚಿ, ಯಾವ ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು, ಶೇಂಗಾ ಹೋಳಿಗೆ, ಎಲ್ಲವೂ ಅವರ ಬೆರಳ ತುದಿಯಲ್ಲಿ.

"ಅಕ್ಕ, ಅಲ್ಲಿ ಮುದ್ದೆ ಸಿಕ್ತದಾ?" ಸ್ಟೋರ್ಸಿನ ಗಂಗಾಧರ ಕೇಳುವನು. ಲಗ್ಗೆರೆಯವನು, ಆಗ ಅಲ್ಲಿ ಇನ್ನೂ ರಾಗಿ ಹೊಲಗಳಿದ್ದವು.

"ಬಿಜಾಪುರಕ್ಕೆ ಹೋಗಿ ಮುದ್ದೆ ಕೇಳ್ತಾನೆ! ನೀನು ನಿಮ್ಮೂರ ಕಣದಲ್ಲೇ ಬಿದ್ದಿರು."

"ಓಗ್ಲಿ ಬಿಡಿ. ಈ ವರ್ಸಾನೂ ಡಬ್ಬೀಲೇ ತೋರಿಸ್ತೀರೋ, ಇಲ್ಲ ಬಸ್ಸು ಅತ್ತಿಸ್ತೀರೋ?"

ಎಲ್ಲರೂ ನಗುತ್ತಿದ್ದರು. ಯಾಕೆಂದರೆ ಪ್ರತಿ ವರ್ಷವೂ ಟಿಕೆಟ್ ಕೊಳ್ಳುವ ಹಂತಕ್ಕೆ ಬಂದಾಗ ಸರೋಜಕ್ಕನೇ ಹಿಂದೆ ಸರಿಯುತ್ತಿದ್ದರು. ಒಮ್ಮೆ ಮಂಡಿನೋವು, ಒಮ್ಮೆ ತಮ್ಮನ ಮಗನಿಗೆ ನಾಮಕರಣ. ಹೇಳುವಾಗ ನಮ್ಮ ಮುಖ ನೋಡುತ್ತಿರಲಿಲ್ಲ.

ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಅವರು ಮುಚ್ಚಳದ ಕೆಳಗೆ ಎರಡು ಕಡ್ಲೆಬೀಜ ಇಟ್ಟು ಮುಚ್ಚುತ್ತಿದ್ದರು, ಒಂದು ಈ ಅಂಚಿಗೆ, ಒಂದು ಆ ಅಂಚಿಗೆ. ಊಟ ಮುಗಿದ ಮೇಲೆ ಮುಚ್ಚಳ ಎತ್ತಿ ಒಂದನ್ನು ತಾವು ತಿನ್ನುವರು. ಇನ್ನೊಂದನ್ನು ಹಾಗೇ ಬಿಡುವರು. ಒಂದು ದಿನ ಗಂಗಾಧರ ಅದನ್ನು ಟಪಕ್ಕನೆ ಬಾಯಿಗೆ ಹಾಕಿಕೊಂಡ. ಸರೋಜಕ್ಕ ಅವನ ದವಡೆ ಆಡುವುದನ್ನೇ ನೋಡುತ್ತ ಕೂತರು. ಬೈಯಲಿಲ್ಲ. ಮುಖ ಸುಣ್ಣದ ಹಾಗಾಗಿತ್ತು. "ಉಗಿ" ಎಂದರು. ಅವರ ಬಾಯಿಂದ ಅಷ್ಟು ಮೆಲ್ಲಗೆ ಬಂದ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಅವನು ಪೆಚ್ಚಾಗಿ ಉಗಿದ.

ಆ ವರ್ಷ ಕಂಪನಿ ಡಾಕ್ಟರು ಎಲ್ಲರ ಕಿವಿ ಟೆಸ್ಟ್ ಮಾಡಿದರು. ಸಂಜೆ ಸರೋಜಕ್ಕ ನನ್ನನ್ನು ಬಸ್ ಸ್ಟಾಪಿನ ಹುಣಸೆ ಮರದ ಕೆಳಗೆ ಕೂರಿಸಿಕೊಂಡರು.

"ಇರೋ ಚೂರೂ ಹೋಗುತ್ತಂತೆ ಕಣೇ. ಈ ಸಲ ಹೋಗ್ಲೇಬೇಕು. ನೀನು ಬರ್ತೀಯಾ?"

"ನಾನ್ಯಾಕೆ ಅಕ್ಕ?" ಬಾಯಿ ತೆರೆದು ಬಿಡಿಸಿ ಕೇಳಿದೆ.

"ಸಾಹೇಬರು ಹೇಳಿದ್ದನ್ನ ಒಂದಕ್ಷರ ಬಿಡದೆ ಬರ್ಕೋತೀಯಲ್ಲ, ಅರ್ಥವಾದ್ರೂ ಆಗದಿದ್ರೂ. ನನಗೆ ಅಂಥ ಕಿವಿ ಬೇಕು."

ಆಗ ಹೇಳಿದರು. ಮದುವೆಯಾದ ಹೊಸದರಲ್ಲಿ ಗಂಡನ ಮನೆಯವರೆಲ್ಲ ಕೂಡಿ ಬಿಜಾಪುರಕ್ಕೆ ಹೋಗಿದ್ದರಂತೆ. ಗುಮ್ಮಟದ ಒಳಗೆ, ಮೇಲಿನ ಮೊಗಸಾಲೆಯಲ್ಲಿ, ಈಕೆ ಗೋಡೆಗೆ ಕಿವಿ ಕೊಟ್ಟು ನಿಂತಿದ್ದರು. ಗಂಡ ಎದುರು ತುದಿಯಿಂದ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರು: ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ಮುದ್ದಿನ ಹೆಸರು.

"ಪಕ್ಕದಲ್ಲೇ ಅತ್ತೆ, ನಾದಿನಿ. ನಾಚಿಕೆ ಕಣೇ. ಹೊಸ ಸೊಸೆ ಗಂಡನಿಗೆ ಓ ಅಂತ ಹೇಗೆ ಕೂಗಲಿ? ತಲೆ ತಗ್ಗಿಸಿ ನಿಂತ್ಬಿಟ್ಟೆ. ಇಳಿಯೋವಾಗ ಇವರು ನಗ್ತಾ ಅಂದ್ರು, ಗೋಡೆ ಕೂಡ ಅಷ್ಟು ಸಲ ಓಗೊಡ್ತು, ನೀನೊಬ್ಬಳು ಕೊಡಲಿಲ್ಲ ನೋಡು, ಅಂತ. ಆಸ್ಪತ್ರೇಲಿ ಕೊನೇ ದಿನ ಕೂಡ ಅದನ್ನೇ ಅಂದ್ರು. ಆಗ ನಗಲಿಲ್ಲ."

"ಬಟ್ ಅಕ್ಕ, ಆ ದನಿ ಅಲ್ಲಿ ಇನ್ನೂ..."

"ಎಲ್ಲಿಗೆ ಹೋಗುತ್ತೆ? ಅಲ್ಲೇ ಸುತ್ತುತ್ತಿರುತ್ತೆ, ಓ ಅನ್ನೋವರೆಗೂ. ಅವರು ಕರೀಬೇಕು, ನೀನು ಕೇಳಿಸ್ಕೊಂಡು ನನಗೆ ಹೇಳ್ಬೇಕು. ನಾನು ಓ ಅಂದ್ಬಿಡ್ತೀನಿ. ಅಷ್ಟೇ ಕೆಲಸ."

"ಏನಂತ ಕರೀತಿದ್ರು?"

ಅವರು ಕೋಟಿನ ಜೇಬಿನಿಂದ ಗೇಜು ತೆಗೆದು ತೋರಿಸಿದರು. "ಬಿಲ್ಲೆ ಅಳೆಯೋಕೆ ಮುಂಚೆ ಸೈಜು ಎಷ್ಟು ಬರಬೇಕು ಅಂತ ನಾನು ನೋಡೋದಿಲ್ಲ. ನೋಡಿದ್ರೆ ಕಣ್ಣು ಅದನ್ನೇ ಓದಿಬಿಡುತ್ತೆ. ಹೆಸರು ಹೇಳಿದ್ರೆ ನಿನಗೂ ಅದೇ ಕೇಳಿಸಿಬಿಡುತ್ತೆ. ಹೇಳಲ್ಲ."

ಗಂಗಾಧರನಿಗೆ ಹೇಗೋ ವಿಷಯ ತಿಳಿಯಿತು. ನನ್ನನ್ನು ಸ್ಟೋರ್ಸಿನ ಬಾಗಿಲಲ್ಲಿ ತಡೆದ. "ಮೇಡಂ, ಅಕ್ಕಂಗೆ ಏಳಿ. ಕರೆದೋರು ಕಣ್ಣಿಗ್ ಕಾಣ್ದೆ ಇದ್ರೆ ಓ ಅನ್ಬಾರ್ದು. ನಮ್ಮವ್ವ ಮುಸ್ಸಂಜೆ ಓತ್ತು ಯಾರು ಕೂಗಿದ್ರೂ ಮೊದಲ್ನೇ ಕೂಗಿಗೆ ಬಾಯಿ ಬಿಡಾಕಿಲ್ಲ. ಓ ಅಂದ್ರೆ ಒಪ್ಕೊಂಡಂಗೆ, ಕರೆದತ್ತ ಓಯ್ತಾ ಇರ್ಬೇಕು." ಸೂಪರ್‌ಸ್ಟಿಷನ್ ಎಂದು ನಕ್ಕೆ. ನಗು ನನಗೇ ಸರಿಯಾಗಿ ಕೇಳಿಸಲಿಲ್ಲ, ಪ್ರೆಸ್ಸಿನ ಸದ್ದಿತ್ತು.

ಅಂತೂ ಹೊರಟೆವು. ನಾವಿಬ್ಬರು, ಗಂಗಾಧರ, ಅವನ ಹೆಂಡತಿ. ಬಿಜಾಪುರದಲ್ಲಿ ಇಳಿದ ದಿನವೆಲ್ಲ ಸರೋಜಕ್ಕ ಡಬ್ಬಿಯ ಮೇಲೆ ತೋರಿಸಿದ ಹಾದಿಯಲ್ಲೇ ನಮ್ಮನ್ನು ತಿರುಗಿಸಿದರು. ತೋಪು ನೋಡಿದೆವು, ಇಬ್ರಾಹಿಂ ರೋಜಾದ ಕಲ್ಲಿನ ಕಸೂತಿ ನೋಡಿದೆವು. ಗುಮ್ಮಟ ಎಲ್ಲಿಂದ ನೋಡಿದರೂ ಕಾಣುತ್ತಿತ್ತು, ಬೀದಿಯ ಕೊನೆಯಲ್ಲಿ, ಮನೆಗಳ ಮೇಲೆ, ನಾವು ತಿರುಗಿದತ್ತ ತಾನೂ ತಿರುಗುವ ಹಾಗೆ. ಸರೋಜಕ್ಕ ಮಾತ್ರ ಅತ್ತ ಬೆನ್ನು ಮಾಡಿಯೇ ನಡೆದರು.

ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಜ್ಜಿ, "ಬರ್ರಿ ಅಕ್ಕಾರ, ಕುಂದರ್ರಿ. ಎಷ್ಟ್ ಮಂದಿ ಅದೀರಿ?" ಎಂದಳು. ಎಣಿಸಿ ಹೇಳುವ ಮೊದಲೇ ತಟ್ಟೆ ಹಾಕಿಬಿಟ್ಟಳು. ಒಂದು ತಟ್ಟೆ ಹೆಚ್ಚು ಬಿತ್ತು, ಸರೋಜಕ್ಕನ ಪಕ್ಕದಲ್ಲಿ. "ನಾವು ನಾಲ್ಕೇ ಜನ ಕಣಜ್ಜಿ" ಎಂದ ಗಂಗಾಧರ. ಅಜ್ಜಿ ಬಾಗಿಲ ಕಡೆ ಒಮ್ಮೆ ನೋಡಿ, "ಅವ್ರು ಹೊರಗs ನಿಂತ್ರೇನು?" ಎಂದಳು. ಹೊರಗೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಸರೋಜಕ್ಕನಿಗೆ ಇದೊಂದೂ ಕೇಳಿಸಿರಲಿಲ್ಲ. ಹೆಚ್ಚಿನ ತಟ್ಟೆಯನ್ನು ಹಿಂದಕ್ಕೆ ಕೊಡಲು ನಾನು ಕೈ ಚಾಚಿದಾಗ ಮಾತ್ರ, "ಇರ್ಲಿ ಬಿಡೇ" ಎಂದು ಅದಕ್ಕೊಂದು ಶೇಂಗಾ ಹೋಳಿಗೆ ಹಾಕಿದರು. ಗಂಗಾಧರ ಆಮೇಲೆ ಇನ್ನೊಂದು ರೊಟ್ಟಿ ಬೇಡವೆಂದ.

ಸಂಜೆ ಗೇಟಿನಲ್ಲಿ ನಾನು ವಿಚಾರಿಸಿದಾಗ ಗುಮ್ಮಟದ ಕಾವಲುಗಾರ ಮುದುಕ, "ಮುಂಜಾನಿ ಬರ್ರಿ, ಮಂದಿ ಬರೂಕಿಂತ ಮೊದ್ಲs. ಆಗ ಒಂದು ಕಾಗದ ಹರಿದ್ರೂ ಕೇಳಸ್ತೈತಿ" ಎಂದಿದ್ದ. ಮರುದಿನ ಬೆಳಗ್ಗೆ ಬಾಗಿಲು ತೆಗೆದ ಹೊತ್ತಿಗೇ ಹೋದೆವು.

"ನಾ ಮೇಲಕ್ ಬರಾಕಿಲ್ಲ" ಎಂದ ಗಂಗಾಧರ. "ಗೋರಿ ಮನೇಲಿ ಎಸರು ಕೂಗಿಸ್ಕಳಾಕೆ ನಂಗೇನ್ ಉಚ್ಚಾ?" ಗಂಡ ಹೆಂಡತಿ ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ಉಳಿದರು. ಕಾವಲುಗಾರ ಬಾಗಿಲಲ್ಲಿ ಬೀಡಿ ಹಚ್ಚಿ ಕೂತ. ನಾವಿಬ್ಬರೇ ಕತ್ತಲೆ ಮೆಟ್ಟಿಲು ಹತ್ತಿದೆವು. ನನ್ನ ಚಪ್ಪಲಿಯ ಸದ್ದು ನನಗಿಂತ ಮುಂದೆ ಹತ್ತಿ ಹೋಗುತ್ತಿತ್ತು.

ಒಳಗಿನ ಮೊಗಸಾಲೆಗೆ ಕಾಲಿಟ್ಟಾಗ ಪಾರಿವಾಳವೊಂದು ರೆಕ್ಕೆ ಬಡಿಯಿತು. ಆ ಬಡಿತ ಗೋಡೆ ಸುತ್ತಿ, ಸುತ್ತಿ, ಸಣ್ಣದಾಗುತ್ತ ನಮ್ಮ ಹತ್ತಿರಕ್ಕೇ ಬಂದು ನಿಂತಿತು. ನಾನು ಕೆಮ್ಮಿದೆ. ಯಾರೋ ಹತ್ತಾರು ಜನ ಕೆಮ್ಮಿದರು. ಕೆಳಗೆ, ಬಹಳ ಕೆಳಗೆ, ಸುಲ್ತಾನನ ಗೋರಿ. ಸರೋಜಕ್ಕ ಸೀದಾ ಒಂದು ಜಾಗಕ್ಕೆ ಹೋಗಿ ನಿಂತರು, ನೆಲಕ್ಕೆ ಗುರುತು ಹಾಕಿಟ್ಟಿದ್ದ ಹಾಗೆ. ನನ್ನ ತಲೆಯನ್ನು ತಮ್ಮ ಕೈಯಿಂದಲೇ ಗೋಡೆಗೆ ಒತ್ತಿದರು. ಬಾಯಿ ಮೇಲೆ ಬೆರಳಿಟ್ಟುಕೊಂಡು, ನನ್ನ ತುಟಿಯನ್ನೇ ನೋಡುತ್ತ ನಿಂತರು.

ಗೋಡೆ ತಣ್ಣಗಿತ್ತು. ಮೊದಲು ನನ್ನದೇ ರಕ್ತದ ಸದ್ದು. ಆಮೇಲೆ ಅದೂ ನಿಂತಿತು. ಎಷ್ಟು ಹೊತ್ತೋ. ಇನ್ನು ಸಾಕು, ಪೂರ್ ಥಿಂಗ್, ಏನಾದರೂ ಸಮಾಧಾನ ಹೇಳೋಣ ಎಂದು ತಲೆ ಎತ್ತಬೇಕು, ಅಷ್ಟರಲ್ಲಿ ಕಿವಿಯ ಒಳಕ್ಕೇ ಯಾರೋ ಉಸಿರು ಬಿಟ್ಟರು. ಗಂಡು ದನಿ. ನಗೆ ತಡೆದುಕೊಂಡ ದನಿ. ಒಂದೇ ಒಂದು ಶಬ್ದ.

ನನ್ನ ಬಲಗೈ ಬೆರಳು ತಾನಾಗಿ ಎಡಗೈ ಅಂಗೈ ಮೇಲೆ ಶಾರ್ಟ್‌ಹ್ಯಾಂಡಿನ ಗೆರೆ ಎಳೆಯಿತು. ಅದೇನು ಶಬ್ದವೋ ನನಗೆ ಗೊತ್ತಿರಲಿಲ್ಲ. ಅರ್ಥವೂ ತಿಳಿಯದು. ಸಿಟಿಯಲ್ಲಿ ಬೆಳೆದ ಕಾನ್ವೆಂಟ್ ಹುಡುಗಿ ನಾನು. ಅದೊಂದು ಕಾಳಿನ ಹೆಸರು, ಸಾಸಿವೆಗಿಂತ ಒಂದಿಷ್ಟೇ ದಪ್ಪದ್ದು ಎಂದು ಗಂಗಾಧರನ ಹೆಂಡತಿ ಆಮೇಲೆ ಹೇಳಿದಳು. ತಿರುಗಿ ಸರೋಜಕ್ಕನ ಮುಖಕ್ಕೆ ಮುಖ ಕೊಟ್ಟು, ದನಿಯಿಲ್ಲದೆ ತುಟಿಯಲ್ಲಷ್ಟೇ ಬಿಡಿಸಿದೆ: "ನ-ವ-ಣೆ?"

ಸರೋಜಕ್ಕನ ಕಣ್ಣು ತುಂಬಲಿಲ್ಲ. ಕೈಗಳು ಮಾತ್ರ ಸೆರಗು ಸರಿಮಾಡಿಕೊಂಡವು, ಕೂದಲು ಹಿಂದಕ್ಕೆ ಮಾಡಿಕೊಂಡವು. ಗೋಡೆಗೆ ತಿರುಗಿ ನಿಂತು ತಮ್ಮ ಪ್ರೆಸ್ ಶಾಪಿನ ಗಂಟಲಲ್ಲಿ, ಪೂರ್ತಿ ಗಂಟಲಲ್ಲಿ, ಓಗೊಟ್ಟರು:

"ಓ!"

ನಾನು ಎರಡೂ ಕಿವಿ ಮುಚ್ಚಿಕೊಂಡೆ, ಆ ಕೂಗು ನೂರಾಗಿ ಮೇಲೆರಗುತ್ತದೆಂದು. ಎರಗಲಿಲ್ಲ. ಕೈ ತೆಗೆದೆ. ಪಾರಿವಾಳದ ರೆಕ್ಕೆಯನ್ನೂ ನನ್ನ ಕೆಮ್ಮನ್ನೂ ಮತ್ತೆ ಮತ್ತೆ ತಿರುಗಿ ಕೊಟ್ಟಿದ್ದ ಆ ಗುಮ್ಮಟ ಸರೋಜಕ್ಕನ 'ಓ'ವನ್ನು ಒಂದು ಸಲವೂ ತಿರುಗಿ ಕೊಡಲಿಲ್ಲ. ಆಬ್ಸೊಲ್ಯೂಟ್ ಸೈಲೆನ್ಸ್. ನಾನು ಗಾಬರಿಯಿಂದ "ಅಕ್ಕ" ಎಂದೆ. ನನ್ನ 'ಅಕ್ಕ' ಮಾತ್ರ ಸುತ್ತೆಲ್ಲ ಸುತ್ತಿ ಬಂತು.

ಕೆಳಗಿಳಿದು ಬಂದಾಗ ಕಾವಲುಗಾರನ ಬೀಡಿ ಇನ್ನೂ ಮುಗಿದಿರಲಿಲ್ಲ. ಯಾರಾದರೂ ನಮ್ಮ ಹಿಂದೆ ಮೇಲೆ ಬಂದಿದ್ದರೇ ಎಂದು ಕೇಳಿದೆ. "ಯಾರೂ ಇಲ್ರಿ. ನೀವೂ ಏನೂ ಕೂಗಲಿಲ್ಲಲ್ರಿ" ಎಂದ.

ಆಮೇಲಿನ ದಿನಗಳಲ್ಲಿ ಸರೋಜಕ್ಕ ಡಬ್ಬಿಯ ಮುಚ್ಚಳ ಬೋರಲು ಹಾಕಲಿಲ್ಲ. ಕಡ್ಲೆಬೀಜವನ್ನೆಲ್ಲ ಹಂಚಿ ತಾವೂ ತಿನ್ನುತ್ತಿದ್ದರು. ಊಟದ ನಡುವೆ ಒಮ್ಮೊಮ್ಮೆ ತುತ್ತು ಹಿಡಿದುಕೊಂಡೇ ತಲೆ ಓರೆ ಮಾಡುವರು, ಮತ್ತೆ ಉಣ್ಣುವರು. ಗಂಗಾಧರ ಆಗೆಲ್ಲ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದ. ಡಾಕ್ಟರು ಹೇಳಿದ ಹಾಗೆ ಉಳಿದ ಕಿವಿಯೂ ಹೋಯಿತು. ಬೇಸಿಗೆಗೆ ಮೊದಲೇ ಕೆಲಸ ಬಿಟ್ಟು, ತುಮಕೂರಿನ ಕಡೆ ತಮ್ಮನ ಮನೆಗೆ ಹೊರಟರು.

ಕಳಿಸಲು ತುಮಕೂರು ರಸ್ತೆಯವರೆಗೆ ನಾನೊಬ್ಬಳೇ ಹೋದೆ. ನಡು ಮಧ್ಯಾಹ್ನ. ಸ್ಟಾಪಿನ ಹಿಂದೆ ಬರೀ ಖಾಲಿ ಸೈಟು, ಒಣಹುಲ್ಲು. "ಮದುವೆಗೆ ಕರಿ, ಬರ್ತೀನಿ" ಎಂದು ಇಡೀ ರಸ್ತೆಗೆ ಕೇಳುವ ಹಾಗೆ ಹೇಳಿ, ನನ್ನ ಕೆನ್ನೆ ಚಿವುಟಿ, ಬ್ಯಾಗು ಎತ್ತಿಕೊಂಡು ಬಂದು ನಿಂತ ಬಸ್ಸಿನ ಕಡೆ ನಡೆದರು. ನನಗೆ ಇನ್ನೊಮ್ಮೆ ಅವರ ಮುಖ ನೋಡಬೇಕೆನ್ನಿಸಿ "ಸರೋಜಕ್ಕಾ" ಎಂದು ಕೂಗಿದೆ, ಸಿಸ್ಟರ್ ಹೇಳಿಕೊಟ್ಟದ್ದನ್ನೆಲ್ಲ ಮರೆತು, ಗಂಟಲು ಹರಿಯುವ ಹಾಗೆ. ಕೇಳಿಸಲಿಲ್ಲ. ತಿರುಗಲಿಲ್ಲ.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಹಾಗೇ ನಿಂತರು. ಆಮೇಲೆ ತಟ್ಟನೆ ತಿರುಗಿದರು. ನನ್ನ ಕಡೆಗಲ್ಲ, ನನ್ನನ್ನು ದಾಟಿ, ಒಣಹುಲ್ಲಿನ ಕಡೆಗೆ. ಮುಖ ಹೊಸ ಮದುಮಗಳ ಮುಖದ ಹಾಗೆ ಕೆಂಪಾಗಿತ್ತು.

"ಓ, ಬಂದೆ" ಎಂದರು ಸರೋಜಕ್ಕ. ಮೆಲ್ಲಗೆ, ಪಿಸುಮಾತಿನಲ್ಲಿ.

ಬಸ್ಸು ಅವರನ್ನು ಬಿಟ್ಟು ಹೊರಟುಹೋಯಿತು.