ಮೊಗಲಿಪುಟ್ಟುಗದ ಕೆಂಪು ಚುಕ್ಕೆಗಳು

ಮೊಗಲಿಪುಟ್ಟುಗದಲ್ಲಿ ದಮಯಂತಿಗೆ ಗೊತ್ತಿಲ್ಲದ ಮನೆಯೇ ಇರಲಿಲ್ಲ. ಆಶಾ ಕಾರ್ಯಕರ್ತೆಯಾಗಿ ಹನ್ನೊಂದು ವರ್ಷ ಬಸುರಿ ಬಾಣಂತಿಯರ ಹಿಂದೆ ತಿರುಗಿದವಳು ಆಕೆ. ಉದ್ದಾನಂ ಸೀಮೆಯ ಬೇರೆ ಊರುಗಳಂತೆ ಆ ಊರಿಗೂ ಮೂತ್ರಪಿಂಡದ ರೋಗ ಹೊಕ್ಕಿತ್ತು. ತೆಂಗು, ಗೋಡಂಬಿ ತೋಟಗಳಲ್ಲಿ ಗಟ್ಟಿಯಾಗಿ ದುಡಿಯುತ್ತಿದ್ದ ನಲವತ್ತರ ಗಂಡಸರು ಕಾಲು ಬಾತು ಹಾಸಿಗೆ ಹಿಡಿಯುತ್ತಿದ್ದರು. ನೀರು ಅಂದರು, ಮಣ್ಣು ಅಂದರು, ಬಿಸಿಲು ಅಂದರು. ಇಂಥದ್ದೇ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ದೂರದ ಸಂಸ್ಥೆಯೊಂದು ಅಲ್ಲಿ ಸಂಶೋಧನೆ ಶುರು ಮಾಡಿದಾಗ ಮನೆಮನೆಯ ಮಾಹಿತಿ ತರಲು ಆಕೆಯನ್ನೇ ಆರಿಸಿ, ಕೈಗೊಂದು ಟ್ಯಾಬ್ ಕೊಟ್ಟಿತು. ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರಿಗೂ ತೊಂಬತ್ತು ಪ್ರಶ್ನೆ, ಜೊತೆಗೆ ರಕ್ತ, ಮೂತ್ರ. ಹೆಸರಿನ ಜಾಗದಲ್ಲಿ ನಂಬರು. ಇಷ್ಟನ್ನೂ ಉಣಿಸಿದರೆ, ಮುಂದೆ ಯಾರಿಗೆ ರೋಗ ಬರುತ್ತದೆಂದು ಕಂಪ್ಯೂಟರು ಮೊದಲೇ ಹೇಳಬಲ್ಲದೇ ಎಂದು ಅವರಿಗೆ ನೋಡಬೇಕಿತ್ತು. "ಕೇಳಿ, ಬರೆದುಕೊಳ್ಳಿ. ಬುದ್ಧಿ ಹೇಳೋಕೆ ಹೋಗ್ಬೇಡಿ, ಮಾಹಿತಿ ಕೆಡುತ್ತೆ," ಎಂದು ತರಬೇತಿಯಲ್ಲೇ ತಾಕೀತು ಮಾಡಿದ್ದರು.

"ಬಂದಳಪ್ಪಾ ಉಚ್ಚೆ ಮೇಡಂ!" ಎಂದು ತೆಂಗಿನ ಮರದ ಮೇಲಿಂದಲೇ ಕೂಗುತ್ತಿದ್ದವನು ಆಕೆಯ ತಮ್ಮ ಕೂರ್ಮಾರಾವು. "ನಂದು ಎಳನೀರಿನಷ್ಟು ಶುದ್ಧ ಕಣಕ್ಕಾ. ಬೇಕಾದ್ರೆ ಕುಡಿದು ನೋಡ್ಲಿ ನಿನ್ನ ಕಂಪ್ಯೂಟರು."

"ಬಾಯಿ ಮುಚ್ಚಿಕೊಂಡು ಇಳಿಯೋ. ನೋವಿನ ಮಾತ್ರೆ ತಗೋತೀಯಾ?"

"ದಿನಕ್ಕೆ ಮೂವತ್ತು ಮರ ಹತ್ತೋನ ಸೊಂಟ ಏನು ಕಬ್ಬಿಣದ್ದಾ? ತಗೋತೀನಿ. ಅಂಗಡಿಯಿಂದ ತಂದುಕೊಡೋಳು ನೀನೇ ಅಲ್ವೇನಕ್ಕಾ?"

ದಮಯಂತಿ ನಕ್ಕು 'ಹೌದು' ಒತ್ತಿದಳು. ಮುಂದಿನ ಪ್ರಶ್ನೆಗೆ ಹೋದಳು.

ಮೂರನೆಯ ವರ್ಷ ಕೂರ್ಮಾರಾವು ತಿಂದದ್ದನ್ನೆಲ್ಲ ಕಕ್ಕತೊಡಗಿದ. ವಾರಕ್ಕೆರಡು ಸಲ ಪಲಾಸದ ಆಸ್ಪತ್ರೆಗೆ ಹೋಗಿ, ರಕ್ತ ಸೋಸುವ ಯಂತ್ರಕ್ಕೆ ಕೈಯೊಡ್ಡಿ ಮಲಗಬೇಕಾಯಿತು. ಮರ ಹತ್ತುವುದಿರಲಿ, ಬಸ್ಸಿನ ಮೆಟ್ಟಿಲಿಗೇ ಆಸರೆ ಬೇಕಿತ್ತು.

ಸಂಸ್ಥೆಯವರು ಫಲಿತಾಂಶ ತೋರಿಸಲು ಸಭೆ ಕರೆದದ್ದು ಆಗಲೇ. ಪರದೆಯ ಮೇಲೆ ಊರಿನ ನಕ್ಷೆ. ಅದರಲ್ಲಿ ಇಪ್ಪತ್ತಮೂರು ಕೆಂಪು ಚುಕ್ಕೆ, ರೋಗ ಬರುತ್ತದೆಂದು ಕಂಪ್ಯೂಟರು ಆರಿಸಿದ ಇಪ್ಪತ್ತಮೂರು ಜನ. ಅವರಲ್ಲಿ ಹಲವರು ಆಗಲೇ ಹಾಸಿಗೆ ಹಿಡಿದಿದ್ದರು. ಪಕ್ಕದಲ್ಲಿ ಬರೀ ನಂಬರು. ಆದರೆ ಊರಿನ ಅಷ್ಟೂ ನಂಬರು ದಮಯಂತಿಗೆ ಬಾಯಿಪಾಠ. ಅದರಲ್ಲಿ ನಾಲ್ಕನೆಯ ನಂಬರು ತಮ್ಮನದು.

ಸಭೆ ಮುಗಿದ ಮೇಲೆ, ಸಂಶೋಧನೆ ನಡೆಸುತ್ತಿದ್ದ ಡಾಕ್ಟರು ಶರ್ವಾಣಿಯ ಬಳಿ ಹೋದಳು. "ಮೇಡಂ, ಇದು ಯಾವಾಗ ತಿಳೀತು?"

"ಒಂದೂವರೆ ವರ್ಷ ಆಯ್ತು. ನಿಜ ಆಗುತ್ತಾ ಅಂತ ಕಾದು ನೋಡ್ಬೇಕಿತ್ತಲ್ಲ. ಇಷ್ಟು ಸರಿಯಾಗಿ ಹೇಳುತ್ತೆ ಅಂತ ನಾವೇ ಅಂದ್ಕೊಂಡಿರಲಿಲ್ಲ," ಎಂದಳು ಆ ಹುಡುಗಿ, ಕಣ್ಣರಳಿಸಿ.

"ಅವತ್ತೇ ಹೇಳಿದ್ದಿದ್ರೆ?"

ಶರ್ವಾಣಿಯ ಮುಖ ಸಣ್ಣದಾಯಿತು. "ಯಾರು ಅಂತ ನಮಗೇ ಕಾಣಿಸೋದಿಲ್ಲಮ್ಮಾ, ಬರೀ ನಂಬರು. ಹೇಳಿದ್ರೂ ಇದಕ್ಕೆ ಔಷಧಿ ಎಲ್ಲಿದೆ? ನೋವಿನ ಮಾತ್ರೆ ಬಿಟ್ಟಿದ್ರೆ ಒಂದಷ್ಟು ದಿನ ಮುಂದಕ್ಕೆ ಹೋಗ್ತಿತ್ತೇನೋ."

ಮನೆಗೆ ಬರುವ ದಾರಿಯುದ್ದಕ್ಕೂ ದಮಯಂತಿಯ ಕಿವಿಯಲ್ಲಿ ಕೊನೆಯ ಮಾತೊಂದೇ ಉಳಿಯಿತು. ತಮ್ಮನಿಗೆ ಅದನ್ನು ಹೇಳಲು ಧೈರ್ಯ ಬರಲಿಲ್ಲ. ದಿನವೂ ಗಂಜಿ ಕುಡಿಸಿದಳು. ಆಷಾಢದಲ್ಲಿ ಅವನು ತೀರಿಕೊಂಡ.

ಕರ್ಮ ಮುಗಿದ ಮಾರನೆಯ ದಿನವೇ ಆಕೆ ಇನ್ನೂ ರೋಗ ಕಾಣಿಸಿಕೊಳ್ಳದ ಕೆಂಪು ಚುಕ್ಕೆಗಳ ಮನೆಗೆ ಹೊರಟಳು. ಹೇಳಬಾರದೆಂಬ ಕಟ್ಟಳೆ ಗೊತ್ತಿತ್ತು. ಇರಲಿ ಎಂದುಕೊಂಡಳು.

ಮೊದಲ ಮನೆಯ ಲೋಕನಾಥಂ ಬೀಡಿ ಹಚ್ಚಿಕೊಂಡು ನಕ್ಕ. "ಮಾತ್ರೆ ಬಿಟ್ರೆ ನನ್ನ ಬದಲು ಮರ ಹತ್ತೋರು ಯಾರು, ನೀನಾ? ರೋಗ ಬಂದಾಗ ನೋಡೋಣ ಹೋಗಮ್ಮಾ."

ಆಕೆ ಹೋದ ನಾಲ್ಕನೆಯ ಮನೆ ಎರ್ರಮ್ಮನದು. ಕೆಂಪು ಚುಕ್ಕೆ ಅವಳ ಗಂಡನದು. ಮಗಳನ್ನು ನೋಡಲು ಅಂದೇ ಗಂಡಿನ ಕಡೆಯವರು ಬರುವವರಿದ್ದರು, ಅಂಗಳದಲ್ಲಿ ರಂಗೋಲಿ ಇನ್ನೂ ಹಸಿಯಾಗಿತ್ತು. ವಿಷಯ ಕೇಳುತ್ತಲೇ ಎರ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಈ ಸುದ್ದಿ ತರೋಕೆ ಬೇರೆ ದಿನ ಸಿಗಲಿಲ್ವಾ ನಿನಗೆ? ರೋಗದ ಮನೆ ಹೆಣ್ಣನ್ನ ಯಾರು ತಗೋತಾರೆ? ನಿನ್ನ ತಮ್ಮನ ಮನೆ ಹಾಳಾಯ್ತು ಅಂತ ನಮ್ಮದನ್ನೂ ಹಾಳು ಮಾಡೋಕೆ ಬಂದ್ಯಾ? ಇಳಿ ಜಗಲಿಯಿಂದ!"

ಸಂಜೆಯೊಳಗೆ ಊರೆಲ್ಲ ಗುಲ್ಲಾಯಿತು. ಉಳಿದ ಮನೆಗಳು ಆಕೆ ಬರುವುದನ್ನು ಕಂಡೇ ಬಾಗಿಲು ಹಾಕಿಕೊಂಡವು. ದೂರು ಹೋಯಿತು. ಸಂಸ್ಥೆಯವರು ಬಂದು ಟ್ಯಾಬ್ ವಾಪಸು ತೆಗೆದುಕೊಂಡರು. ಆಮೇಲೆ ಕೂಸುಗಳಿಗೆ ಲಸಿಕೆ ಹಾಕಿಸಲು ಕರೆದರೂ ತಾಯಂದಿರು ಹಿಂದೆಮುಂದೆ ನೋಡಿದರು. ವರ್ಷದೊಳಗೆ ಆ ಕೆಲಸವನ್ನೂ ಬಿಟ್ಟಳು.

ಯಾರೂ ದಿಕ್ಕಿಲ್ಲದ ರೋಗಿಗಳನ್ನು ಬಸ್ಸಿನಲ್ಲಿ ಪಲಾಸಕ್ಕೆ ಕರೆದೊಯ್ದು ತರುವುದೊಂದೇ ಆಕೆಗೆ ಉಳಿದದ್ದು. ಲೋಕನಾಥಂ ಒಂದು ವರ್ಷ ಆ ಬಸ್ಸಿನಲ್ಲಿ ಓಡಾಡಿದ, ಆಮೇಲೆ ಅವನಿಗೆ ಬಸ್ಸು ಬೇಕಾಗಲಿಲ್ಲ.

ಮೊನ್ನೆ ಎರ್ರಮ್ಮ ಗಂಡನನ್ನು ತಬ್ಬಿಹಿಡಿದು ಬಸ್ಸು ಹತ್ತಿದಳು. ಅವನ ಕಾಲೆರಡೂ ಬಾತಿದ್ದವು. ಬೇರೆ ಸೀಟಿರಲಿಲ್ಲ, ದಮಯಂತಿಯ ಪಕ್ಕದಲ್ಲೇ ಕೂತರು. ಬಸ್ಸು ಅರ್ಧ ದಾರಿ ಸವೆಸಿತ್ತು.

"ನಾನು ಬೈದೆ ಅಂತ ಸುಮ್ಮನಾಗಿಬಿಟ್ಯಲ್ಲ," ಎಂದಳು ಎರ್ರಮ್ಮ, ಮುಖ ತಿರುಗಿಸದೆ. "ಇನ್ನೊಂದು ಸಲ ಬಂದು ಹೇಳಬಾರದಿತ್ತಾ ನೀನು?"

ದಮಯಂತಿ ಕಿಟಕಿಯ ಕಡೆಗೆ ಒತ್ತಿಕೊಂಡು ಕೂತು, ಅವನಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟಳು.